ಹಿರಿಯರನ್ನು ಕೂಡಿಸಿದ್ದು ಯಾರು

ನನ್ನ ಹೊಟ್ಟೆಪಾಡು ಸಭೆ ಕರೆಯುವುದು. ಪುಣೆಯ ಒಂದು ಕಂಪನಿಯ ಸೆಕ್ರೆಟರಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತಿದ್ದೇನೆ. ನಿರ್ದೇಶಕರ ಸಭೆಗೆ ಏಳು ದಿನ ಮೊದಲು, ಷೇರುದಾರರ ಸಭೆಗೆ ಇಪ್ಪತ್ತೊಂದು ದಿನ ಮೊದಲು ನೋಟಿಸ್ ಹೋಗಬೇಕು. ಅದರಲ್ಲಿ ದಿನ, ಗಂಟೆ, ಜಾಗ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಏನು ಮಾತಾಡಲಿದ್ದೇವೆ ಎನ್ನುವುದು ಒಂದು, ಎರಡು, ಮೂರು ಎಂದು ನಮೂದಾಗಿರಬೇಕು. ವಿಷಯ ತಿಳಿಸದೆ ಜನರನ್ನು ಕರೆದು ಕೂರಿಸುವುದು ಮೋಸ ಎಂದು ನನ್ನ ಮೊದಲ ಮೇಲಧಿಕಾರಿ ಹೇಳಿಕೊಟ್ಟಿದ್ದರು. ನಾನು ಅದನ್ನು ನನ್ನ ಕೈಕೆಳಗೆ ಬಂದವರಿಗೆಲ್ಲ ಸ್ವಲ್ಪ ಗದರಿಸಿಯೇ ಹೇಳಿಕೊಟ್ಟಿದ್ದೇನೆ. ನೋಟಿಸಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಆ ದಿನ ನನಗೆ ಊಟ ಸೇರುವುದಿಲ್ಲ. ಆಫೀಸಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ‘ನೋಟಿಸ್ ಬಾಯಿ’, ಅಂದರೆ ನೋಟಿಸಮ್ಮ, ಎನ್ನುತ್ತಾರೆ. ಎದುರಿಗೇ ಅಂದರೂ ನನಗೇನೂ ಬೇಜಾರಿಲ್ಲ.

ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕನ್ವೀನ್ ಎಂಬ ಕ್ರಿಯಾಪದವಿದೆ. ಕನ್ನಡದಲ್ಲಿ ನಮಗೆ ಒಂದು ಸಾಲದು. ಸರ್ಕಾರಿ ಕಾಗದದಲ್ಲಿ ಸಭೆಯನ್ನು ಕರೆಯುತ್ತಾರೆ, ಏರ್ಪಡಿಸುತ್ತಾರೆ. ಮಂಡ್ಯ ಕಡೆಯ ನಮ್ಮೂರಿನಲ್ಲಿ ಪಂಚಾಯ್ತಿ ಸೇರಿಸುತ್ತಿದ್ದರು. ಇಲ್ಲಿನ ಮರಾಠಿಯವರು ಸಭೆಯನ್ನು ಕರೆಯುವುದೂ ಉಂಟು, ಸಂತೆಯಂತೆ ತುಂಬಿಸುವುದೂ ಉಂಟು. ಯಾದಗಿರಿ, ಕಲಬುರಗಿ ಕಡೆಯವರು ಹಿರಿಯರನ್ನು ಕೂಡಿಸುತ್ತಾರೆ. ಕೆಲಸ ಒಂದೇ, ಊರಿಗೊಂದು ಮಾತು ಅಷ್ಟೆ ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಗೊತ್ತಾದದ್ದು ಎರಡು ವರ್ಷದ ಹಿಂದೆ, ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಹೆಣ್ಣುಮಗಳಿಂದ.

ಆಕೆ ಯಾದಗಿರಿ ಕಡೆಯವಳು. ಮೂವತ್ತರ ಆಸುಪಾಸು. ಕಾತ್ರಜದಲ್ಲಿ ನಮ್ಮ ಕಟ್ಟಡದ ಹಿಂದೆ ಇನ್ನೊಂದು ಕಟ್ಟಡ ಏಳುತ್ತಿತ್ತು. ಅದರ ಕೂಲಿಯವರಿಗೆಂದು ಹಾಕಿದ ತಗಡಿನ ಮನೆಗಳ ಸಾಲಿನಲ್ಲಿ ಒಂಬತ್ತು ವರ್ಷದ ಮಗಳ ಜೊತೆ ಇದ್ದಳು. ಬೆಳಿಗ್ಗೆ ನಮ್ಮಲ್ಲಿ ಮೆಟ್ಟಿಲು ಗುಡಿಸಿ, ಗಿಡಗಳಿಗೆ ನೀರು ಹಾಕಿ, ಆಮೇಲೆ ಅಲ್ಲಿ ಇಟ್ಟಿಗೆ ಹೊರಲು ಹೋಗುತ್ತಿದ್ದಳು. ನನ್ನ ಕನ್ನಡ ಅವಳಿಗೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಕೇಳಿಸುತ್ತಿತ್ತಂತೆ. ಅವಳ ಕನ್ನಡ ನನಗೆ ಮೊದಲ ಆರು ತಿಂಗಳು ಅರ್ಧವೇ ತಿಳಿಯುತ್ತಿತ್ತು. ಉಳಿದರ್ಧಕ್ಕೆ ನಾನು ತಲೆಯಾಡಿಸುತ್ತಿದ್ದೆ. ನನ್ನನ್ನು ‘ಅಕ್ಕಾರ’ ಎಂದು ಕರೆಯುತ್ತಿದ್ದಳು. ಆ ಮರ್ಯಾದೆ ನನಗೆ ಹಿಡಿಸಿತ್ತು.

ಅವಳ ಎಡಗೈ ಮೊಣಕೈ ಹತ್ತಿರ ಸ್ವಲ್ಪ ಸೊಟ್ಟಗಿತ್ತು. ಗಂಡ ಮುರಿದದ್ದು. ಅವನು ಕುರಕುಂಭದ ಯಾವುದೋ ರಾಸಾಯನಿಕ ಕಾರ್ಖಾನೆಯಲ್ಲಿ ಲಾರಿಗೆ ಡ್ರಮ್ಮು ಏರಿಸುವ ಕೆಲಸದವನು. ಕುಡಿದ ದಿನ ಕುಡಿದ ಅಮಲಿಗೆ ಹೊಡೆಯುತ್ತಿದ್ದ, ಕುಡಿಯಲು ಸಿಗದ ದಿನ ಆ ಸಿಟ್ಟಿಗೆ ಹೊಡೆಯುತ್ತಿದ್ದ. ಕೈ ಮುರಿದ ಮೇಲೆ ಆಕೆ ಮಗಳನ್ನು ಕಟ್ಟಿಕೊಂಡು ಪುಣೆಗೆ ಬಂದಳು. ತಗಡಿನ ಸಾಲಿನ ಮುಖ್ಯಸ್ಥ ಒಬ್ಬ ಮುದುಕ ಗೌಂಡಿ. ನಲವತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದವನು, ಅವಳ ಪಕ್ಕದ ಊರಿನವನು. ಎಲ್ಲರೂ ಅವನನ್ನು ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ಹಿರಿಯರು ಕೂತು ಒಂದು ಮಾತು ಆಡುವ ತನಕ ಇರು ಎಂದು ಅವನು ಅವಳಿಗೆ ಒಂದು ಮನೆ ಬಿಟ್ಟುಕೊಟ್ಟಿದ್ದ. ಆ ಮಾತು ಎರಡು ವರ್ಷವಾದರೂ ಆಗಿರಲಿಲ್ಲ.

ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದಳು. ಗಂಡನ ಅಣ್ಣ ಫೋನ್ ಮಾಡಿದ್ದನಂತೆ. ನೀನು ಬಂದರೆ ಬಾ, ಬಿಟ್ಟರೆ ಬಿಡು, ಹುಡುಗಿ ನಮ್ಮ ಮನೆತನದವಳು, ಯುಗಾದಿಗೆ ಬಂದು ಕರೆದುಕೊಂಡು ಹೋಗುತ್ತೇವೆ ಅಂದಿದ್ದನಂತೆ. ನಾನು ಪೊಲೀಸು, ವಕೀಲರು, ಉಚಿತ ಕಾನೂನು ನೆರವು ಎಂದೆಲ್ಲ ಹೇಳಿದೆ. ಕೇಳಿಸಿಕೊಂಡಳು. ಕಾಗದ ಸಿಗುತ್ತದೆ, ಟ್ರಂಕಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಸಾಲಿನವರ ಕಣ್ಣಲ್ಲಿ ನಾನು ಇನ್ನೂ ಮನೆ ಬಿಟ್ಟು ಓಡಿಬಂದವಳೇ ಅಂದಳು. ಅವರು ಹುಡುಗಿಯನ್ನು ಎಳೆದುಕೊಂಡು ಹೋಗಲು ಬಂದರೆ ಅಡ್ಡ ಬರುವವರು ಅಲ್ಲಿ ಯಾರೂ ಇಲ್ಲ.

“ಹಿರ್ಯಾರನ್ನ ಕೂಡಸಬೇಕ್ರಿ ಅಕ್ಕಾರ. ನಾಕು ಮಂದಿ ಮುಂದ ನನ್ನ ಮಾತು ಆಗಬೇಕು. ನಿಮ್ಮ ಕೆಲಸಾನೇ ಅದಲ್ರಿ, ನೀವು ಕೂಡಸ್ರಿ.”

ನಾನು ಫೋನಿನಲ್ಲಿ ಆಫೀಸಿನವರಿಗೆ ಬೈಯುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಇದೇನು ಮಹಾ ಎಂದುಕೊಂಡೆ. ವಿದೇಶದಲ್ಲಿ ಕೂತ ನಿರ್ದೇಶಕರನ್ನೇ ಒಂದು ಕಾಗದದಲ್ಲಿ ಕೂರಿಸಿದವಳು ನಾನು. ಕುರಕುಂಭದಲ್ಲಿರುವ ಗಂಡನ ಅಣ್ಣ, ಅಲ್ಲೇ ಇರುವ ಅವರೂರಿನ ಇನ್ನಿಬ್ಬರು ಹಿರಿಯರು, ಇಂದಾಪುರದಲ್ಲಿರುವ ಅವಳ ಸೋದರಮಾವ, ಹಿತ್ತಲಿನ ಮುತ್ಯಾ. ಒಟ್ಟು ಐದು ಜನ. ನಮ್ಮ ಯಜಮಾನರು ಮಾತ್ರ, ಸಹಾಯ ಮಾಡು, ಬೇಡ ಅನ್ನಲ್ಲ, ಯಾರನ್ನೂ ಮನೆಗೆ ತಂದು ಇಟ್ಟುಕೊಳ್ಳುವ ಹಾಗೆ ಮಾಡಬೇಡ ಅಂದರು. ಅದೆಲ್ಲಿಂದ ಬಂತು ಆ ಮಾತು ಎಂದು ನಾನು ಅವರ ಮೇಲೆ ರೇಗಿದೆ.

ಆ ರಾತ್ರಿಯ ಅಡುಗೆಗೆ ಮೊದಲೇ ನೋಟಿಸ್ ಸಿದ್ಧವಾಯಿತು. ನಾನು ಬರೆದ ಒಳ್ಳೆಯ ನೋಟಿಸುಗಳಲ್ಲಿ ಅದೂ ಒಂದು ಎಂದು ಈಗಲೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕಾತ್ರಜದ ಇಂಥ ಕಟ್ಟಡದ ಹಿಂಬದಿಯ ಬೇವಿನ ಮರದ ಕೆಳಗೆ. ವಿಷಯಗಳು: ಒಂದು, ಪತಿಯಿಂದ ಆದ ದೈಹಿಕ ಹಿಂಸೆ. ಎರಡು, ಪತ್ನಿ ಮರಳಿ ಹೋಗಲು ನಿರಾಕರಿಸಿರುವುದು. ಮೂರು, ಮಗಳ ಸುಪರ್ದಿ. ನಾಲ್ಕು, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು. ಸರಿಯಾಗಿ ಏಳು ದಿನ ಮುಂಚೆ ಐವರ ಮೊಬೈಲಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಐದಕ್ಕೂ ನೀಲಿ ಗೆರೆ ಬಂತು. ಅವಳಿಗೆ ಓದಿ ತೋರಿಸಿದೆ. ಸುಪರ್ದಿ ಎಂದರೇನು ಎಂದು ಕೇಳಿದಳು. ಹುಡುಗಿ ಯಾರ ಹತ್ತಿರ ಇರಬೇಕು ಎನ್ನುವುದು ಎಂದು ಹೇಳಿದೆ. ಮಗಳ ಕಡೆ ಒಮ್ಮೆ ತಿರುಗಿ ನೋಡಿ, ನಿಮಗೆ ಗೊತ್ತಿರ್ತದ್ರಿ ಅಂದಳು. ಆ ನೋಟವನ್ನು ನಾನು ಗಮನಿಸಬೇಕಿತ್ತು.

ಭಾನುವಾರ ಬಂತು. ಜಮಖಾನ ಹಾಸಿದೆ. ನಮ್ಮ ಮನೆಯಿಂದ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಕ್ಯಾನ್ ನೀರು. ಆಕೆ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕರೆತಂದಿದ್ದಳು. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ನಾಯಿ ಬಂದು ಜಮಖಾನದ ಮೇಲೆ ಮಲಗಿತು. ದೂರದವರ ಮಾತು ಬಿಡಿ, ಮುತ್ಯಾನೇ ಬರಲಿಲ್ಲ. ಅವನ ಮನೆ ಮರದಿಂದ ನಲವತ್ತು ಹೆಜ್ಜೆ. ಬಾಗಿಲಲ್ಲಿ ಕೂತು, ಕನ್ನಡಿಯನ್ನು ಗೋಡೆಗೆ ಆನಿಸಿಟ್ಟುಕೊಂಡು, ನಿಧಾನವಾಗಿ ಗಡ್ಡ ಹೆರೆದುಕೊಳ್ಳುತ್ತಿದ್ದ. ನನಗೆ ಕಾಣುತ್ತಿತ್ತು. ನಾವು ಅವನಿಗೆ ಕಾಣುತ್ತಿದ್ದೆವು.

ಒಂದು ಗಂಟೆಗೆ ತಾಳ್ಮೆ ಕೆಟ್ಟು ಅಲ್ಲಿಗೇ ಹೋದೆ. ಯಾಕೆ ಬರಲಿಲ್ಲ ಎಂದು ಕೇಳಿದೆ. ಕೇಳಿದ ರೀತಿ ಆಫೀಸಿನ ಗುಮಾಸ್ತನನ್ನು ಕೇಳಿದ ಹಾಗಿತ್ತು. ಮುತ್ಯಾ ಸಾವಕಾಶ ಮುಖ ಒರೆಸಿಕೊಂಡ.

“ನಮ್ಮನ್ನ ಯಾರೂ ಕರದಿಲ್ಲಲ್ರಿ.”

ಕಾಗದ ಬಂದಿಲ್ಲವೇ ಅಂದೆ. ಬಂದಿದೆ ಎಂದು ಒಳಗಿಂದ ಮೊಬೈಲು ತಂದು ತೋರಿಸಿದ. ಮೊಮ್ಮಗನಿಂದ ಎರಡು ಸಲ ಓದಿಸಿ ಕೇಳಿದ್ದನಂತೆ. “ಇದರಾಗ ಹೊಡದಾನ ಅಂತ ನೀವೇ ಬರದೀರಿ, ಹೋಗಂಗಿಲ್ಲ ಅಂತ ನೀವೇ ಬರದೀರಿ. ತೀರ್ಪು ಆಗೇ ಹೋಗ್ಯಾದ. ನಾವು ಬಂದು ಏನು ಮಾಡೋದ್ರಿ, ಸಹಿ ಮಾಡೋದಾ?”

ನಿಜ ಹೇಳಬೇಕೆಂದರೆ, ನಮ್ಮ ಕಂಪನಿಯ ಸಭೆಗಳಲ್ಲಿ ಆಗುವುದೂ ಅದೇ. ಠರಾವುಗಳನ್ನು ನಾನು ಮೊದಲೇ ಟೈಪು ಮಾಡಿಟ್ಟಿರುತ್ತೇನೆ. ಅವರು ಬಿಸ್ಕತ್ತು ತಿಂದು ಸಹಿ ಹಾಕುತ್ತಾರೆ.

ಆಮೇಲೆ ಮುತ್ಯಾ ಕೂರಿಸಿ ಹೇಳಿದ. ಹೇಳಿದ್ದು ನನಗೇ ಆದರೂ ಅವಳೂ ಬಂದು ಗೋಡೆ ಬದಿ ನಿಂತು ಕೇಳುತ್ತಿದ್ದಳು. ಹಿರಿಯರನ್ನು ಕೂಡಿಸುವುದೆಂದರೆ ಬಾಯಿಂದಲೇ ಕೂಡಿಸಬೇಕು. ಒಬ್ಬೊಬ್ಬರ ಬಾಗಿಲಿಗೂ ಹೋಗಬೇಕು. ಎದುರು ಕಡೆಯವರ ಬಾಗಿಲಿಗೆ ಮೊದಲು ಹೋಗಬೇಕು, ತನ್ನ ಕಡೆಯವರಿಗೆ ಕೊನೆಗೆ. ಒಂದು ಮಾತು ಇದೆ, ಬನ್ನಿ ಎಂದಷ್ಟೇ ಹೇಳಬೇಕು. ಏನು ಮಾತು ಎಂದು ಕೇಳಿದರೂ ಹೇಳಕೂಡದು. ಹೇಳಿದರೆ ಬರುವವರು ಮನೆಯಲ್ಲೇ ಒಂದು ನಿರ್ಧಾರ ಮಾಡಿಕೊಂಡು ಬರುತ್ತಾರೆ. ಮನೆಯಲ್ಲೇ ಆದ ನಿರ್ಧಾರಕ್ಕೆ ಮರದ ಕೆಳಗೆ ಕೂರುವುದೇಕೆ? ಬರುತ್ತೇವೆ ಎಂದು ಅವರ ಬಾಯಿಂದ ಬರುವವರೆಗೆ ಅವರ ಮನೆಯಲ್ಲಿ ಕೂರಬಾರದು, ನೀರು ಕುಡಿಯಬಾರದು. ಇನ್ನು ಎಲ್ಲ ಬಂದು ಕೂತ ಮೇಲೆ ಕೇಳುವ ಮೊದಲ ಪ್ರಶ್ನೆ, ನಮ್ಮನ್ನು ಕೂಡಿಸಿದ್ದು ಯಾರು ಎನ್ನುವುದು. ನಾನು ಎಂದು ಒಬ್ಬರು ಎದ್ದು ಹೇಳಬೇಕು. ಹೇಳಿದವರೇ ಆಮೇಲಿನದಕ್ಕೆಲ್ಲ ಹೊಣೆ. ಗಂಡನ ಮನೆ ಬಿಟ್ಟ ಹೆಣ್ಣಿನ ಮಾತಾದರೆ, ಕೂಡಿಸಿದವರ ಮನೆಯೇ ಅವಳಿಗೆ ತವರುಮನೆ. ಅವಳಿಗೆ ಕಷ್ಟ ಬಂದರೆ ಅವರ ಬಾಗಿಲು ತೆರೆದಿರಬೇಕು. ಇದಕ್ಕೇ ಸಾಮಾನ್ಯವಾಗಿ ಸೋದರಮಾವನೇ ಕೂಡಿಸುವುದು. ಹೆಂಗಸರು ಕೂಡಿಸಿದ್ದನ್ನು ತಾನು ನೋಡಿಲ್ಲ ಅಂದ ಮುತ್ಯಾ.

ಆ ನೋಟಿಸು ಬರೇ ವ್ಯರ್ಥವಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಸೋಮವಾರ ಗಂಡನ ಅಣ್ಣನ ಫೋನು ಬಂತು. ಕಾಗದದಲ್ಲಿ ಮಗಳ ಸುಪರ್ದಿ ಎಂದಿದ್ದನ್ನು ಅವನು ಓದಿದ್ದ. ಕೋರ್ಟಿಗೆ ಹೋಗುವ ಸಿದ್ಧತೆ ಎಂದು ತಿಳಿದು, ಯುಗಾದಿಯ ತನಕ ಯಾಕೆ, ಈ ತಿಂಗಳೇ ಬರುತ್ತೇವೆ ಅಂದಿದ್ದ. ಅವಳು ಹುಡುಗಿಯನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದಳು. ಮೆಟ್ಟಿಲು ಗುಡಿಸುವಾಗಲೂ ಜೊತೆಗೆ ಕರೆತಂದು ಮೀಟರ್ ಡಬ್ಬಿಗಳ ಪಕ್ಕ ಕೂರಿಸುತ್ತಿದ್ದಳು. ಹುಡುಗಿ ಅಲ್ಲೇ ಮರಾಠಿ ಪುಸ್ತಕ ಬಿಡಿಸಿಕೊಂಡು ಕಂಠಪಾಠ ಮಾಡುತ್ತಿತ್ತು. ನನ್ನನ್ನು ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಆಗ್ಲಿ ಬಿಡ್ರಿ ಅಂದಳು. ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು.

ಶುಕ್ರವಾರ ರಜೆ ಹಾಕಿದೆ. ಹುಡುಗಿಯನ್ನು ನಮ್ಮ ಮನೆಯಲ್ಲಿ ಯಜಮಾನರ ಹತ್ತಿರ ಬಿಟ್ಟು, ನಾವಿಬ್ಬರೂ ಸ್ವಾರಗೇಟಿಗೆ ಹೋಗಿ ಇಂದಾಪುರದ ಕೆಂಪು ಎಸ್‌ಟಿ ಬಸ್ಸು ಹತ್ತಿದೆವು. ಕುರಕುಂಭ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಇಳಿದ ಕೂಡಲೇ ಗಂಟಲಿಗೆ ಘಾಟು ಹತ್ತಿತು. ಅವಳು ಸೆರಗು ಮೂಗಿಗೆ ಹಿಡಿಯಲಿಲ್ಲ. ಈ ಗಾಳಿಯಲ್ಲಿ ಎಂಟು ವರ್ಷ ಬಾಳುವೆ ಮಾಡಿದ್ದವಳು. ದಾರಿಯಲ್ಲೇ, ಎಲ್ಲ ನಾನು ಹೇಳುತ್ತೇನೆ, ನೀನು ಸುಮ್ಮನಿರು ಅಂದಿದ್ದೆ. ಹೂಂ ಅಂದಿದ್ದಳು.

ಗಂಡನ ಅಣ್ಣನದು ಒಂದು ಕೋಣೆಯ ಮನೆ. ಅವನು ರಾತ್ರಿ ಪಾಳಿ ಮುಗಿಸಿ ಆಗ ತಾನೇ ಎದ್ದಿದ್ದ. ನಾನು ನಮಸ್ಕಾರ ಹೇಳಿ, ಕಳೆದ ವಾರ ಕಳಿಸಿದ ಕಾಗದದ ವಿಷಯ ಎಂದು ಶುರು ಮಾಡಿದೆ. ಅಷ್ಟರಲ್ಲಿ ಅವಳು ನನ್ನ ಕೈ ಒತ್ತಿದಳು. ಒಂದು ಹೆಜ್ಜೆ ಮುಂದೆ ಹೋಗಿ ತಲೆ ಮೇಲೆ ಸೆರಗು ಎಳೆದುಕೊಂಡಳು.

“ಭಾವಾರ, ಬರೋ ಐತ್ವಾರ ಕಾತ್ರಜಕ್ಕ ಬರ್ರಿ. ಒಂದು ಮಾತು ಅದ.”

ಏನು ಮಾತು ಅಂದ ಅವನು. ಅಲ್ಲೇ ಆಗುತ್ತದೆ ಅಂದಳು. ಒಳಗಿನಿಂದ ಅವನ ಹೆಂಡತಿ ಎರಡು ಲೋಟ ನೀರು ತಂದಳು. ಇವಳು ಮುಟ್ಟಲಿಲ್ಲ. ನನಗೆ ಬಾಯಿ ಒಣಗಿ ಹೋಗಿತ್ತು, ಆದರೂ ಮುಟ್ಟಲಿಲ್ಲ. ಅವನು ಹಲ್ಲುಜ್ಜಿದ, ಮುಖ ತೊಳೆದ, ಒಳಗೆ ಹೋದ, ಹೊರಗೆ ಬಂದ. ಬೀದಿಯವರು ನಿಂತು ನೋಡಿ ಹೋದರು. ಇವಳು ಅಲ್ಲಾಡಲಿಲ್ಲ. ಅರ್ಧ ಗಂಟೆಯಾಗಿರಬೇಕು. ಹೊರಗಟ್ಟುವುದಕ್ಕೆ ನೆರೆಹೊರೆಯವರ ನಾಚಿಕೆ, ಒಪ್ಪುವುದಕ್ಕೆ ಇವಳ ಮೇಲಿನ ಸಿಟ್ಟು. ಕೊನೆಗೆ, ಬರ್ತೀವಿ ನಡಿ ಅಂದ. ಆಗ ಇವಳು ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದಳು. ನಾನೂ ಕುಡಿದೆ. ಅದೇ ಓಣಿಯ ಇನ್ನಿಬ್ಬರು ಹಿರಿಯರ ಬಾಗಿಲಲ್ಲಿ ಇಷ್ಟು ಹೊತ್ತು ಹಿಡಿಯಲಿಲ್ಲ. ದೊಡ್ಡವನು ಒಪ್ಪಿದ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಎಲ್ಲ ಕಡೆ ಮಾತಾಡಿದ್ದು ಅವಳೇ. ನಾನು ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ.

ಮತ್ತೆ ಬಸ್ಸು ಹಿಡಿದು ಇಂದಾಪುರದಲ್ಲಿ ಇಳಿದು, ಅಲ್ಲಿಂದ ಆಟೋ ಮಾಡಿಕೊಂಡು ಹೋದೆವು. ಸೋದರಮಾವ ಅಲ್ಲಿ ಒಬ್ಬರ ಕಬ್ಬಿನ ಗದ್ದೆಗೆ ನೀರು ಹಾಯಿಸುವ ಕೆಲಸದಲ್ಲಿದ್ದ. ಮೊಣಕಾಲ ತನಕ ಕೆಸರು ಮಾಡಿಕೊಂಡು ಬಂದು, ಸೋದರಸೊಸೆಯ ಸೊಟ್ಟ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿ ಕಣ್ಣೀರು ಹಾಕಿದ. ಬರುತ್ತೇನೆ ಎಂದು ಕೇಳುವ ಮೊದಲೇ ಹೇಳಿದ. ಆದರೆ ಕೂಡಿಸಿದವನು ತಾನು ಎಂದು ಹೇಳಲಾರೆ ಅಂದ. ಅವನ ಮಗಳನ್ನು ಇವಳ ಗಂಡನ ಮನೆತನಕ್ಕೇ ಕೊಟ್ಟಿತ್ತು. ಇವಳ ಪರ ನಿಂತರೆ ಆ ಮಗಳ ಬಾಳುವೆಗೆ ಕುತ್ತು. ಅವನಿಗೆ ನಾಚಿಕೆಯಾಗುತ್ತಿತ್ತು, ಮುಚ್ಚಿಡಲಿಲ್ಲ.

“ಅಕ್ಕಾರು ಓದಿದವರು ಅದಾರ. ಅವರು ಕೂಡಸ್ಯಾರ ಅಂದ್ರ ಯಾರೂ ಏನೂ ಅನ್ನಂಗಿಲ್ಲ.”

ಹಿಂದಿರುಗುವ ಬಸ್ಸಿನಲ್ಲಿ ಅವಳು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೆಂಗಸು ಎದ್ದು ನಾನು ಅಂದರೆ ಎದ್ದು ಹೋಗಿಬಿಡುತ್ತಾರೇನೋ ಎಂಬ ಭಯ ಅವಳಿಗೆ. ನಾನೂ ಹೆಂಗಸೇ, ಆದರೆ ಆಫೀಸಿನ ಹೆಂಗಸು. ಅದು ಬೇರೆ ಲೆಕ್ಕ. ಚೌಫುಲಾದ ಹತ್ತಿರ ಬಸ್ಸು ಚಹಾಕ್ಕೆ ನಿಂತಾಗ ನಾನೇ ಮಾತು ತೆಗೆದೆ. ಆಯ್ತು, ಕೇಳಿದಾಗ ನಾನೇ ಕೂಡಿಸಿದ್ದು ಅಂತ ಹೇಳ್ತೀನಿ ಅಂದೆ. ಖಂಡಿತಾ ಎಂದು ಕೇಳಿದಳು. ಖಂಡಿತಾ ಅಂದೆ. ಆಗ ನನಗೆ ನನ್ನ ಬಗ್ಗೆ ಭಾರೀ ಹೆಮ್ಮೆಯಾಯಿತು, ಅದನ್ನೂ ಹೇಳಿಬಿಡಬೇಕು.

ಆ ಭಾನುವಾರ ಹತ್ತೂವರೆಗೇ ಎಲ್ಲರೂ ಬಂದರು. ಕುರ್ಚಿಗಳನ್ನು ಮುತ್ಯಾ ತೆಗೆಸಿದ. ಎಲ್ಲರೂ ಜಮಖಾನದ ಮೇಲೆ ಸುತ್ತಲೂ ಕೂತರು. ಗಂಡನೂ ಬಂದಿದ್ದ. ನಾನು ಅವನನ್ನು ದೊಡ್ಡ ರಾಕ್ಷಸ ಎಂದು ಊಹಿಸಿಕೊಂಡಿದ್ದೆ. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಣ್ಣನ ಹಿಂದೆ ತಲೆ ತಗ್ಗಿಸಿ ಕೂತಿದ್ದ. ತಗಡಿನ ಸಾಲಿನ ಹೆಂಗಸರು ಗೋಡೆ ಬದಿ ನಿಂತಿದ್ದರು. ಇವಳು ಅವರ ನಡುವೆ, ಮಗಳ ಭುಜ ಹಿಡಿದುಕೊಂಡು. ನಾನು ಮುತ್ಯಾನ ಪಕ್ಕ, ಜಮಖಾನದ ಅಂಚಿನಲ್ಲಿ.

ಎಲೆ ಅಡಿಕೆ ತಟ್ಟೆ ಒಂದು ಸುತ್ತು ಬಂತು. ಮುತ್ಯಾ ಎಲ್ಲರ ಮುಖ ನೋಡಿ ಕೇಳಿದ.

“ನಮ್ಮನ್ನ ಯಾರು ಕೂಡಸೀರಿ?”

ನನಗೆ ಗೊತ್ತಿದ್ದ ಪ್ರಶ್ನೆ. ಎರಡು ದಿನದಿಂದ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಗಂಡನ ಅಣ್ಣ ನನ್ನನ್ನು ನೆಟ್ಟಗೆ ನೋಡಿ, ಯಾರು ಕೂಡಿಸಿದ್ದಾರೋ ಅವರ ಮನೆ ಯಾವುದೆಂದು ತೋರಿಸಲಿ, ಇವತ್ತಿನಿಂದ ತಾಯಿ ಮಗಳು ಅಲ್ಲೇ ಇರಬೇಕಾಗುತ್ತದೆ, ಊರ ದಾರಿಯಲ್ಲಿ ಬಿದ್ದಿರುವುದಕ್ಕೆ ನಾವು ಬಿಡುವುದಿಲ್ಲ ಅಂದ. ಅವನು ಹೇಳಿದ್ದು ಅವರ ಪದ್ಧತಿಯ ಪ್ರಕಾರ ಸರಿಯೇ ಇತ್ತು. ಮುತ್ಯಾ ತಲೆಯಾಡಿಸಿದ.

ನಾನು ತಲೆಯೆತ್ತಿ ನಮ್ಮ ಕಟ್ಟಡದ ಕಡೆ ನೋಡಿದೆ. ಮೂರನೇ ಮಹಡಿಯಲ್ಲಿ ನಮ್ಮ ಬಾಲ್ಕನಿ, ಅದರಲ್ಲಿ ಒಣಗಿದ ಬಟ್ಟೆ. ಎರಡು ಕೋಣೆಯ ಮನೆ. ಹತ್ತನೇ ತರಗತಿಯ ಮಗ. ಯಜಮಾನರು ಅಂದ ಮಾತು. ಇವತ್ತಿನಿಂದ ಎಂದರೆ ಎಷ್ಟು ದಿನ? ಇವಳ ಗಂಡ ಕುಡಿದು ಬಂದು ನಮ್ಮ ಬಾಗಿಲು ಬಡಿದರೆ? ಸೊಸೈಟಿಯವರು ಏನಂದಾರು? ಇದನ್ನೆಲ್ಲ ಯೋಚಿಸಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಮುತ್ಯಾ ಎರಡನೇ ಸಲ ಕೇಳಿದ. ನನ್ನ ನಾಲಿಗೆ ಏಳಲಿಲ್ಲ. ಹಾಳಾದ್ದು, ಏಳಲೇ ಇಲ್ಲ. ನಾನು ಜಮಖಾನದ ಒಂದು ದಾರ ಕೀಳುತ್ತಾ ಕೂತೆ. ಇಂದಾಪುರದ ಮಾವ ನನ್ನನ್ನು ನೋಡುತ್ತಿದ್ದ. ಆಮೇಲೆ ಅವನೂ ನೆಲ ನೋಡಿದ.

ಯಾರೂ ಕೂಡಿಸದ ಮೇಲೆ ಏಳೋಣ ನಡಿರಿ ಎಂದು ಗಂಡನ ಅಣ್ಣ ಟವೆಲ್ಲು ಕೊಡವಿ ಏಳಲು ಹೋದ. ಹುಡುಗಿಯನ್ನು ಕೈ ಮಾಡಿ ಕರೆದ. ಹುಡುಗಿ ಅಲ್ಲಾಡಲಿಲ್ಲ. ಅವಳ ತಾಯಿ ಮಗಳನ್ನು ಪಕ್ಕದ ಹೆಂಗಸಿನ ಕೈಗೆ ಕೊಟ್ಟು, ಜಮಖಾನದ ಅಂಚಿಗೆ ಬಂದು ನಿಂತಳು.

“ನಾನಽ ಕೂಡಸೀನ್ರಿ.”

ಗಂಡನ ಅಣ್ಣ ನಕ್ಕ. ಹೆಂಗಸರು ಎಂದಿನಿಂದ ದೈವ ಕೂಡಿಸಿದರು ಅಂದ. ಸೇರಿದ ಜನರಿಗೆ ಅವರ ಕಡೆ ದೈವ ಎಂದೇ ಅನ್ನುತ್ತಾರೆ. ಇನ್ನೊಬ್ಬ ಹಿರಿಯನೂ ಇದು ನಡೆಯುವುದಿಲ್ಲ ಅಂದ. ಮುತ್ಯಾ ಸುಮ್ಮನೆ ಅಡಿಕೆ ಅಗಿಯುತ್ತಿದ್ದ. ಉಗುಳಿ ಬಂದು ಕೂತು, ಗಂಡನ ಅಣ್ಣನನ್ನೇ ಮೊದಲು ಕೇಳಿದ: ನಿನ್ನ ಬಾಗಿಲಿಗೆ ಬಂದು ಕರೆದವರು ಯಾರು?

ಅವನು ಅಕ್ಕಾರೂ ಬಂದಿದ್ದರು ಅಂದ. ಬಂದವರನ್ನು ಕೇಳಿಲ್ಲ, ಬಾಯಿಂದ ಕರೆದವರು ಯಾರು ಎಂದು ಮುತ್ಯಾ ತಿರುಗಿ ಕೇಳಿದ. ಯಾರು ನಿಂತಿದ್ದು, ಯಾರು ನೀರು ಮುಟ್ಟದೆ ಇದ್ದದ್ದು ಎಂದು ಮುತ್ಯಾ ಬಿಡಲಿಲ್ಲ. ಅವನು ಸುಳ್ಳು ಹೇಳಬಹುದಿತ್ತು. ಇಡೀ ಓಣಿ ನೋಡಿತ್ತು, ಅದಕ್ಕೋ ಏನೋ, ಹೇಳಲಿಲ್ಲ. ಆಕಿನಽ ಅಂದ. ಉಳಿದಿಬ್ಬರನ್ನೂ ಕೇಳಿದ. ಆಕಿನಽ ಅಂದರು. ಮಾವನನ್ನು ಕೇಳಿದ. ಅವನು ಅಳುತ್ತಲೇ ಅಂದ. ಕೊನೆಗೆ ಮುತ್ಯಾ, ನನ್ನ ಬಾಗಿಲಿಗೂ ಶನಿವಾರ ಮುಂಜಾನೆ ಬಂದು ನಿಂತಿದ್ದು ಆಕೆಯೇ ಅಂದ. ನನಗೆ ಅದು ಗೊತ್ತಿರಲಿಲ್ಲ. ನಲವತ್ತು ಹೆಜ್ಜೆಯ ಮನೆಗೆ ನಾನು ಹೋಗಬೇಕೆಂದೇ ನನಗೆ ಹೊಳೆದಿರಲಿಲ್ಲ.

“ಬಾಗಿಲಿಗೆ ಬಂದಾಕಿ ಕೂಡಸಿದಾಕಿ. ಐದು ಮಂದಿ ಬಂದು ಕುಂತೀವಿ ಅಂದಮ್ಯಾಲ ಆಕಿ ಕರದದ್ದು ಕರದಂಗಽ.”

ಆಮೇಲಿನದು ಎರಡು ತಾಸು ನಡೆಯಿತು. ಜಗಳವಾಯಿತು, ಹಳೆಯದೆಲ್ಲ ಹೊರಬಂತು, ಅವಳು ಕೈಯ ಮೇಲಿನ ಸೆರಗು ಸರಿಸಿ ಮೂಳೆ ತೋರಿಸಿದಳು. ಮೂರು ಸಲ ಕೇಳಿದ ಮೇಲೆ ಗಂಡನ ಬಾಯಿಂದ ಹೊಡೆದದ್ದು ಹೌದು ಎಂಬ ಮಾತು ಹೊರಟಿತು. ಕೂಡಿಸಿದವರ ಮನೆಯೇ ತವರು ಎಂಬುದು ಅವರದೇ ಪದ್ಧತಿಯಾದ್ದರಿಂದ, ಕೂಡಿಸಿದವಳು ಅವಳೇ ಆದ್ದರಿಂದ, ಆ ತಗಡಿನ ಮನೆಯೇ ಅವಳ ಮನೆ ಎಂದು ತೀರ್ಮಾನವಾಯಿತು. ಇನ್ನು ಅದು ಮುತ್ಯಾ ಬಿಟ್ಟುಕೊಟ್ಟದ್ದಲ್ಲ. ಹುಡುಗಿ ತಾಯಿಯ ಹತ್ತಿರ. ನೋಡಬೇಕೆನಿಸಿದರೆ ಗಂಡನ ಕಡೆಯವರು ಬರಬಹುದು, ಆದರೆ ಅವಳು ಕರೆದರೆ ಮಾತ್ರ. ಗಂಡನ ಅಣ್ಣ ಒಪ್ಪಿದ ಎನ್ನುವುದಕ್ಕಿಂತ, ಬೇಡ ಎನ್ನಲು ಅವನಿಗೆ ದಾರಿ ಉಳಿಯಲಿಲ್ಲ. ಹೊರಡುವಾಗ ಹುಡುಗಿಯ ತಲೆ ಸವರಿ ಹೋದ.

ಎಲ್ಲರೂ ಹೋದ ಮೇಲೆ ನನಗೆ ನಮ್ಮ ಮನೆಯ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಸಾಲಿನ ಹೆಂಗಸರು ಅವಳ ಮನೆಯಲ್ಲಿ ತುಂಬಿದ್ದರು. ಅವರಲ್ಲಿ ಕೆಲವರು ಎರಡು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದವರು. ಅವರು ಹೋಗುವ ತನಕ ಕಾದು ಹೋದೆ. ಅವಳು ಸ್ಟವ್ ಮುಂದೆ ಕೂತು ಚಹಾ ಇಟ್ಟಿದ್ದಳು. ಕೂಡ್ರಿ ಅಂದಳು. ಕೂತೆ. ಏನೇನೋ ಹೇಳಲು ಸಿದ್ಧ ಮಾಡಿಕೊಂಡಿದ್ದೆ. ಕೊನೆಗೆ ಒಳ್ಳೆಯದೇ ಆಯಿತಲ್ಲ, ನಾನು ಅಂದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ವಾದವೂ ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಇರಬಹುದು. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಆ ಹೊತ್ತಿನಲ್ಲಿ ಅವಳ ಮಗಳನ್ನು ಕರೆದುಕೊಂಡು ಹೋಗಿದ್ದರೂ ನಾನು ಹಾಗೇ ದಾರ ಕೀಳುತ್ತಾ ಕೂತಿರುತ್ತಿದ್ದೆ.

ಅವಳು ಚಹಾ ಸೋಸುತ್ತಾ, ನನ್ನ ಮುಖ ನೋಡದೆ ಹೇಳಿದಳು.

“ನೀವು ಅಂತೀರಿ ಅಂತ ನಾ ನಂಬಿದ್ನಿರಿ ಅಕ್ಕಾರ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ನಾನು ಇದ್ದದ್ದನ್ನು ಹೇಳಿದೆ. ಹೆದರಿಬಿಟ್ಟೆ ಕಣಮ್ಮ ಅಂದೆ.

ಅವಳು ಲೋಟವನ್ನು ನನ್ನ ಮುಂದೆ ಇಟ್ಟಳು.

“ನನಗೂ ಅಂಜಿಕಿ ಬಂದಿತ್ರಿ” ಅಂದಳು.